ಮೊದಲ ಹೆರಿಗೆಗೆ ಆಸ್ಪತ್ರೆಗೆ ಹೋಗುವವರಿಗೆ: ನೋವು ಶುರುವಾಗುವ ಮುಂಚಿನಿಂದ ಆರನೇ ವಾರದವರೆಗೆ

ದಿನ ಹತ್ತಿರವಾದ ಹೆಣ್ಣುಮಕ್ಕಳು, ಅವರ ತಾಯಂದಿರು, ಗಂಡಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನೋವು ಬಂದ ಕೂಡಲೇ ಹೊರಡಬೇಕಾ? ಒಳಗೆ ಏನು ಮಾಡುತ್ತಾರೆ? ಜೊತೆಗೆ ಯಾರನ್ನು ಬಿಡುತ್ತಾರೆ? ಸಿಜೇರಿಯನ್ ಅಂದರೆ ಒಪ್ಪಿಕೊಳ್ಳಬೇಕಾ? ಎಷ್ಟು ದುಡ್ಡು ಇಟ್ಟುಕೊಂಡು ಹೋಗಬೇಕು? ಕರ್ನಾಟಕದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೊಚ್ಚಲ ಹೆರಿಗೆಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಖಾಸಗಿ ನರ್ಸಿಂಗ್ ಹೋಮಿಗೆ ಹೋಗುವವರಿಗೂ ಹೆರಿಗೆಯ ಹಂತಗಳು ಇವೇ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಇದು: ನೋವು ಶುರುವಾದ ಮೇಲೆ ಕೂತು ಯೋಚಿಸುವಂಥದ್ದು ಏನೂ ಉಳಿದಿರಬಾರದು. ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು, ಅಲ್ಲಿ ಆಗದಿದ್ದರೆ ಮುಂದೆ ಎಲ್ಲಿಗೆ, ಈ ನಾಲ್ಕೂ ಎಂಟನೇ ತಿಂಗಳಲ್ಲೇ ತೀರ್ಮಾನವಾಗಿರಲಿ.

1. ಆಸ್ಪತ್ರೆ ಗೊತ್ತುಮಾಡಿಕೊಳ್ಳುವುದು

ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲ ಬಗೆಯ ಹೆರಿಗೆ ಆಗುವುದಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ 24 ಗಂಟೆ ಕೆಲಸ ಮಾಡುವಂಥದ್ದಾದರೆ ಸಹಜ ಹೆರಿಗೆ ಮಾಡಿಸುತ್ತಾರೆ, ಆಪರೇಷನ್ ಇರುವುದಿಲ್ಲ. ಸಿಜೇರಿಯನ್ ಆಗಬೇಕಾದರೆ ಹೆರಿಗೆ ತಜ್ಞರು, ಅರಿವಳಿಕೆ ವೈದ್ಯರು ಮತ್ತು ರಕ್ತ ಮೂರೂ ಒಂದೇ ಕಡೆ ಸಿಗಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದ್ದರೂ ಭಾನುವಾರ ರಾತ್ರಿ ಎರಡು ಗಂಟೆಗೆ ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ತಪಾಸಣೆಗೆ ಹೋದಾಗ ನರ್ಸ್‌ಗಳನ್ನೇ ನೇರವಾಗಿ ಕೇಳಿ: ರಾತ್ರಿ ಅರಿವಳಿಕೆ ಡಾಕ್ಟರು ಸಿಗುತ್ತಾರಾ? ರಕ್ತ ಇಲ್ಲೇ ಇದೆಯಾ? ಮಗುವಿಗೆ ಉಸಿರಾಟದ ತೊಂದರೆಯಾದರೆ ಎಲ್ಲಿಗೆ ಕಳಿಸುತ್ತೀರಿ? ಹುಟ್ಟಿದ ಕೂಡಲೇ ಆರೈಕೆ ಬೇಕಾದ ಮಕ್ಕಳ ಘಟಕಕ್ಕೆ ಎಸ್‌ಎನ್‌ಸಿಯು ಎನ್ನುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಶನ್, ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತೀವ್ರ ಆರೈಕೆಯ ವ್ಯವಸ್ಥೆ ಇದೆ.

ಬಿಪಿ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು, ಅವಳಿ ಇರುವವರು, ಮಗು ಕಾಲು ಅಥವಾ ಕುಂಡಿ ಕೆಳಗಾಗಿ ಕೂತಿರುವವರು, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿರುವವರು, ರಕ್ತ ತೀರಾ ಕಡಿಮೆ ಇರುವವರು, ಹಿಂದೆ ಸಿಜೇರಿಯನ್ ಆದವರು ಚಿಕ್ಕ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ನೋಡೋಣ ಎಂದುಕೊಳ್ಳಬೇಡಿ. ಸೀದಾ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಯಾಗುವಂತೆ ನೋಡಿಕೊಳ್ಳಿ. ನೋವು ತಿನ್ನುತ್ತಿರುವಾಗ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆಯುವುದಕ್ಕಿಂತ ಅಪಾಯದ್ದು ಬೇರೆ ಇಲ್ಲ. ದುಡ್ಡಿಲ್ಲದೆ ಆಗುವ ಅನಾಹುತಕ್ಕಿಂತ ಹೊತ್ತು ಕಳೆದು ಆಗುವ ಅನಾಹುತ ದೊಡ್ಡದು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲೋ ಎಂಟರಲ್ಲೋ ಹೋಗುತ್ತೀರಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅಲ್ಲಿಯವರೆಗೆ ನೋಡಿದ ಡಾಕ್ಟರು ಬೇರೆ, ಹೆರಿಗೆ ಮಾಡಿಸುವವರು ಬೇರೆ, ಸ್ಕ್ಯಾನಿಂಗ್ ರಿಪೋರ್ಟು ಗಂಡನ ಮನೆಯ ಬೀರುವಿನಲ್ಲಿ. ತವರಿಗೆ ಹೋದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿ, ಹೆರಿಗೆ ಮಾಡಿಸಬೇಕೆಂದಿರುವ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ವೈದ್ಯರ ಉಚಿತ ತಪಾಸಣೆ ಇರುತ್ತದೆ, ಅಂದು ಹೋದರೆ ಅನುಕೂಲ.

2. ಕಾಗದ, ಬಟ್ಟೆ, ದುಡ್ಡು

ತಾಯಿ ಕಾರ್ಡ್, ಇದುವರೆಗಿನ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆ ರಿಪೋರ್ಟು, ಆಧಾರ್, ರೇಷನ್ ಕಾರ್ಡ್, ನಿಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್. ಇವನ್ನೆಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನ ಮೇಲ್ಗಡೆ ಇಡಿ. ರಕ್ತದ ಗುಂಪನ್ನು ಮನೆಯ ಇಬ್ಬರಾದರೂ ಬಾಯಲ್ಲಿ ಹೇಳುವಂತಿರಬೇಕು. ನಿಮ್ಮದು ನೆಗೆಟಿವ್ ಗುಂಪಾದರೆ ಸೇರಿಸಿಕೊಳ್ಳುವಾಗಲೇ ಹೇಳಿ. ಮಗುವಿನದು ಪಾಸಿಟಿವ್ ಬಂದರೆ ಹೆರಿಗೆಯಾದ 72 ಗಂಟೆಯೊಳಗೆ ನಿಮಗೆ ಆಂಟಿ-ಡಿ ಇಂಜೆಕ್ಷನ್ ಬೀಳಬೇಕು. ಈಗಿನ ಮಗುವಿಗಿಂತ ಮುಂದಿನ ಮಗುವಿನ ರಕ್ಷಣೆಗೆ ಅದು ಬೇಕು.

ಮುಂದೆ ಬಿಚ್ಚುವ ನೈಟಿ ಎರಡು ಮೂರು, ಹೆರಿಗೆ ಪ್ಯಾಡ್, ಒಗೆದು ಬಿಸಿಲಲ್ಲಿ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಗಳು, ಮಗುವಿಗೆ ಕುಲಾವಿ ಮತ್ತು ಕಾಲುಚೀಲ, ಒಂದು ಲೋಟ, ತಟ್ಟೆ, ಫ್ಲಾಸ್ಕ್, ಹೊದಿಕೆ, ಫೋನಿನ ಚಾರ್ಜರ್. ಮಗುವಿಗೆ ಹೊಸ ಬಟ್ಟೆ ಹಾಕಬಾರದೆಂಬ ಹಿರಿಯರ ಮಾತು ಸರಿಯೇ, ಒಗೆದ ಹಳೆಯ ಬಟ್ಟೆ ಮೆತ್ತಗಿರುತ್ತದೆ. ಬಳೆ, ಕಾಲುಂಗುರ, ಸರ ಮನೆಯಲ್ಲೇ ಬಿಟ್ಟು ಹೋಗಿ, ಆಪರೇಷನ್ ಕೋಣೆಗೆ ಹೋಗುವಾಗ ಹೇಗೂ ತೆಗೆಸುತ್ತಾರೆ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಜಾರಿಗೆ ಬಂದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಇದಕ್ಕೆ ಬಿಪಿಎಲ್ ಎಂಬ ಷರತ್ತಿಲ್ಲ. ಜನನಿ ಸುರಕ್ಷಾ ಯೋಜನೆಯ ಸಹಾಯಧನ ಮಾತ್ರ ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ: ಹಳ್ಳಿಯವರಿಗೆ 700, ಪಟ್ಟಣದವರಿಗೆ 600 ರೂಪಾಯಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ಬರುತ್ತದೆ. ಅದರ ಅರ್ಜಿಯ ಬಗ್ಗೆ ಅಂಗನವಾಡಿಯಲ್ಲಿ ಕೇಳಿ.

ನಿಯಮ ಹೀಗಿದ್ದರೂ ಕೆಲವು ಕಡೆ "ಗಂಡು ಮಗು, ಖುಷಿಗೆ ಕೊಡಿ" ಎಂದು ಕೈಚಾಚುವವರು ಇದ್ದಾರೆ. ಕೊಡಬೇಕಾಗಿಲ್ಲ. ಕೊಡದಿದ್ದರೆ ಆರೈಕೆ ಕಡಿಮೆಯಾದೀತೆಂಬ ಭಯ ಸಹಜ. ಆದ್ದರಿಂದ ಬಾಣಂತಿಯ ಹತ್ತಿರ ಈ ಮಾತು ಬಾರದಂತೆ ಹೊರಗಿರುವ ಗಂಡಸರೊಬ್ಬರು ಆಡಳಿತ ವೈದ್ಯಾಧಿಕಾರಿಯನ್ನು, ಜಿಲ್ಲಾ ಆಸ್ಪತ್ರೆಯಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರನ್ನು, ಕಂಡು ಹೇಳಲಿ. ಖಾಸಗಿಗೆ ಹೋಗುವವರು ಸಹಜ ಹೆರಿಗೆಗೆ ಎಷ್ಟು, ಸಿಜೇರಿಯನ್‌ಗೆ ಎಷ್ಟು, ಮಗುವನ್ನು ಐಸಿಯುನಲ್ಲಿಟ್ಟರೆ ದಿನಕ್ಕೆ ಎಷ್ಟು ಎಂದು ಮೂರನ್ನೂ ಮೊದಲೇ ಬರೆಸಿಕೊಳ್ಳಿ. ಮೂರನೆಯದನ್ನು ಕೇಳಲು ಜನ ಮರೆಯುತ್ತಾರೆ.

3. ಯಾವಾಗ ಹೊರಡಬೇಕು

ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಗಟ್ಟಿಯಾಗಿ ಸಡಿಲವಾಗುತ್ತದೆ. ನಡೆದಾಡಿದರೆ, ನೀರು ಕುಡಿದು ಮಲಗಿದರೆ ಕಡಿಮೆಯಾಗುವುದು ಹುಸಿ ನೋವು. ನಿಜವಾದ ಹೆರಿಗೆ ನೋವು ಸೊಂಟದಿಂದ ಸುತ್ತಿ ಮುಂದಕ್ಕೆ ಬರುತ್ತದೆ, ಹೊತ್ತು ಹೋದಂತೆ ನೋವಿನ ನಡುವಿನ ಅಂತರ ಕಡಿಮೆಯಾಗುತ್ತದೆ, ನೋವು ಬಲವಾಗುತ್ತದೆ. ಗಡಿಯಾರ ಇಟ್ಟುಕೊಂಡು ಬರೆದುಕೊಳ್ಳಿ. ಮೊದಲ ಹೆರಿಗೆಯಲ್ಲಿ ಐದು ನಿಮಿಷಕ್ಕೊಮ್ಮೆ, ಪ್ರತಿ ಸಲ ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ಸತತವಾಗಿ ಬಂದರೆ ಹೊರಡುವ ಹೊತ್ತಾಯಿತು. ಆಸ್ಪತ್ರೆ ದೂರವಿದ್ದರೆ, ದಾರಿ ಘಟ್ಟದ್ದಾದರೆ, ಮಳೆಗಾಲದಲ್ಲಿ ಹಳ್ಳ ದಾಟಬೇಕಾದರೆ ಅಷ್ಟೂ ಕಾಯಬೇಡಿ.

ಲೋಳೆಯ ಜೊತೆ ಸ್ವಲ್ಪ ರಕ್ತ ಕಾಣುವುದು ಹೆರಿಗೆ ಹತ್ತಿರವಾದ ಗುರುತು, ಹೆದರಬೇಕಿಲ್ಲ. ಆದರೆ ಕೆಳಗಿನ ಯಾವುದಾದರೂ ಕಂಡರೆ ನೋವು ಇರಲಿ ಬಿಡಲಿ, ಕೂಡಲೇ ಹೊರಡಿ:

- ನೀರು ಹೋಗುವುದು, ಅಂದರೆ ಮಗುವಿನ ಸುತ್ತಲಿನ ನೀರಿನ ಚೀಲ ಒಡೆಯುವುದು. ಅದು ಹಸಿರು ಅಥವಾ ಕಂದು ಬಣ್ಣದ್ದಾದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ಇನ್ನೂ ಬೇಗ. ಬಣ್ಣ ಮತ್ತು ಸಮಯ ಎರಡನ್ನೂ ಡಾಕ್ಟರಿಗೆ ಹೇಳಿ.
- ಮುಟ್ಟಿನಂತೆ ಅಥವಾ ಅದಕ್ಕಿಂತ ಹೆಚ್ಚು ರಕ್ತ.
- ಮಗುವಿನ ಆಟ ಕಡಿಮೆಯಾಗುವುದು ಅಥವಾ ನಿಲ್ಲುವುದು.
- ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್.
- 37 ವಾರ ತುಂಬುವ ಮೊದಲೇ ನೋವು.

108ಕ್ಕೆ ಕರೆ ಮಾಡಿದಾಗ ಊರಿನ ಹೆಸರಿನ ಜೊತೆಗೆ ಹತ್ತಿರದ ಗುರುತು ಹೇಳಿ: ದೇವಸ್ಥಾನ, ಹಾಲಿನ ಡೇರಿ, ಶಾಲೆ. ಒಬ್ಬರು ಮುಖ್ಯರಸ್ತೆಗೆ ಬಂದು ನಿಂತಿರಲಿ. ಆಂಬುಲೆನ್ಸ್ ತಡವಾದರೆ ಬಳಸಲು ಊರಿನ ಒಂದು ಕಾರು ಅಥವಾ ಆಟೋದವರ ಹತ್ತಿರ ಮೊದಲೇ ಮಾತಾಡಿಟ್ಟಿರಿ.

ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳುತ್ತಿದ್ದೇನೆ. ನೋವು ಬೇಗ ಬರಲೆಂದು ಹರಳೆಣ್ಣೆ, ಕಷಾಯ ಕುಡಿಯಬೇಡಿ. ಮನೆಗೆ ಯಾರನ್ನೋ ಕರೆಸಿ "ನೋವು ಬರುವ ಇಂಜೆಕ್ಷನ್" ಹಾಕಿಸಿಕೊಳ್ಳಲೇಬೇಡಿ. ಅಳತೆಯಿಲ್ಲದೆ, ಮಗುವಿನ ಎದೆಬಡಿತ ನೋಡದೆ ಕೊಟ್ಟ ಆ ಔಷಧದಿಂದ ಗರ್ಭಕೋಶವೇ ಹರಿಯಬಹುದು, ಮಗುವಿಗೆ ಉಸಿರು ಸಿಗದೇ ಹೋಗಬಹುದು.

4. ಸೇರಿಸಿಕೊಂಡ ಮೇಲಿನ ಮೊದಲ ಗಂಟೆಗಳು

ಬಿಪಿ, ನಾಡಿ, ಜ್ವರ ನೋಡುತ್ತಾರೆ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ತಿಳಿಯುತ್ತಾರೆ, ಎದೆಬಡಿತ ಕೇಳುತ್ತಾರೆ, ರಕ್ತ ಮತ್ತು ಮೂತ್ರ ತೆಗೆದುಕೊಳ್ಳುತ್ತಾರೆ. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಮೂಡಿಸುವ ಪರೀಕ್ಷೆಗೆ ಎನ್‌ಎಸ್‌ಟಿ ಎನ್ನುತ್ತಾರೆ, ಅದರಲ್ಲಿ ನೋವಿಲ್ಲ. ಆಮೇಲೆ ಒಳಪರೀಕ್ಷೆ: ಕೈಗವಸು ಹಾಕಿದ ಬೆರಳಿನಿಂದ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ನೋಡುತ್ತಾರೆ. "ಎರಡು ಬೆರಳು ಬಿಟ್ಟಿದೆ" ಎಂದು ನರ್ಸ್‌ಗಳು ಮಾತಾಡಿಕೊಳ್ಳುವುದು ಇದನ್ನೇ. ಬಾಯಿ ಪೂರ್ತಿ ತೆರೆಯುವುದೆಂದರೆ 10 ಸೆಂಟಿಮೀಟರ್. ಪರೀಕ್ಷೆಯಾಗುವಾಗ ಸೊಂಟ ಬಿಗಿಹಿಡಿಯದೆ ಬಾಯಿಂದ ಉಸಿರು ಬಿಟ್ಟರೆ ನೋವು ಕಡಿಮೆ. ಪರದೆ ಹಾಕಿರದಿದ್ದರೆ ಎಳೆಯಿರಿ ಎಂದು ಕೇಳಿ, ಸಂಕೋಚ ಬೇಡ.

"ಇನ್ನೂ ಟೈಮಿದೆ" ಎಂದರೆ ಬೇಸರ ಮಾಡಿಕೊಳ್ಳಬೇಡಿ. ಬಾಯಿ 5 ಸೆಂಟಿಮೀಟರ್ ತೆರೆಯುವವರೆಗಿನ ಹೊತ್ತಿಗೆ ಲೆಕ್ಕವೇ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಅಲ್ಲಿಂದ ಪೂರ್ತಿ ತೆರೆಯಲು ಮೊದಲ ಹೆರಿಗೆಯಲ್ಲಿ 12 ಗಂಟೆಯವರೆಗೂ ಹಿಡಿಯಬಹುದು. ಹೊರಗೆ ಕೂತವರು "ಇಷ್ಟು ಹೊತ್ತಾಯಿತು, ಆಪರೇಷನ್ ಮಾಡಿಬಿಡಿ" ಎಂದು ಡಾಕ್ಟರ ಬೆನ್ನು ಹತ್ತುವುದು ಸಾಮಾನ್ಯವಾಗಿ ಈ ಹಂತದಲ್ಲಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಕಾಯುವುದೇ ಚಿಕಿತ್ಸೆ. ದಯವಿಟ್ಟು ಅವಸರ ಮಾಡಬೇಡಿ.

ಈ ಹೊತ್ತಿನಲ್ಲಿ ಮಲಗಿಯೇ ಇರಬೇಕೆಂದಿಲ್ಲ. ಡಾಕ್ಟರು ಬೇಡವೆಂದು ಹೇಳದಿದ್ದರೆ ಓಡಾಡಿ, ಎಡಮಗ್ಗುಲಿಗೆ ಮಲಗಿ, ಗಂಟೆ ಎರಡು ಗಂಟೆಗೊಮ್ಮೆ ಮೂತ್ರ ಮಾಡಿ. ಗಂಜಿ, ಎಳನೀರು, ನೀರು ಕುಡಿಯಬಹುದೇ ಎಂದು ಕೇಳಿಕೊಳ್ಳಿ, ತೊಂದರೆ ಇಲ್ಲದವರಿಗೆ ಸಾಮಾನ್ಯವಾಗಿ ಬಿಡುತ್ತಾರೆ. ಜೊತೆಗಿರುವವರು ಸೊಂಟದ ಕೆಳಭಾಗವನ್ನು ಅಂಗೈಯಿಂದ ಒತ್ತಿ ತಿಕ್ಕಿದರೆ ತುಂಬ ಸಮಾಧಾನ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ನೋವು ಕಡಿಮೆ ಮಾಡುವ ಎಪಿಡ್ಯೂರಲ್ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಅಪರೂಪ.

ನೋವು ತಾನಾಗಿ ಬಾರದಿದ್ದರೆ, ದಿನ ಮೀರಿದ್ದರೆ ಅಥವಾ ನೀರು ಹೋಗಿ ಬಹಳ ಹೊತ್ತಾಗಿದ್ದರೆ ಮಾತ್ರೆ, ಜೆಲ್ ಅಥವಾ ಡ್ರಿಪ್ ಮೂಲಕ ನೋವು ಬರಿಸುತ್ತಾರೆ. ಆಸ್ಪತ್ರೆಯಲ್ಲಿ ಎದೆಬಡಿತ ನೋಡುತ್ತ, ಹನಿ ಎಣಿಸಿ ಕೊಡುವುದಕ್ಕೂ ಮನೆಯಲ್ಲಿ ಚುಚ್ಚಿಸಿಕೊಳ್ಳುವುದಕ್ಕೂ ಅಜಗಜಾಂತರ.

ಹೆರಿಗೆಯ ಹೊತ್ತಿನಲ್ಲಿ ಹೆಣ್ಣಿಗೆ ಬೇಕಾದ ಒಬ್ಬರು ಜೊತೆಗಿರಲು ಬಿಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಬೇರೆ ಹೆಂಗಸರೂ ಇರುವುದರಿಂದ ಸಾಮಾನ್ಯವಾಗಿ ಗಂಡಸರನ್ನು ಬಿಡುವುದಿಲ್ಲ. ತಾಯಿ, ಅಕ್ಕ, ಅತ್ತಿಗೆ ಯಾರಾದರೂ ಇರಲಿ, ಆದರೆ ಧೈರ್ಯ ಹೇಳುವವರನ್ನೇ ಆರಿಸಿ. ತನ್ನ ಹೆರಿಗೆಯ ಕಷ್ಟವನ್ನೆಲ್ಲ ಅಲ್ಲಿ ಕೂತು ಹೇಳುವವರು ಹೊರಗಿರುವುದೇ ಒಳ್ಳೆಯದು.

5. ಮಗು ಬರುವ ಹೊತ್ತು

ಬಾಯಿ ಪೂರ್ತಿ ತೆರೆದ ಮೇಲೆ ಮಲವಿಸರ್ಜನೆಗೆ ಬಂದಂತೆ ಒತ್ತಡ ಬರುತ್ತದೆ. ಅದಕ್ಕೂ ಮುಂಚೆ ಮುಕ್ಕಬೇಡಿ, ಸುಮ್ಮನೆ ಸುಸ್ತಾಗುತ್ತೀರಿ. ನೋವು ಬಂದಾಗ ಮುಕ್ಕಿ, ಹೋದಾಗ ದಮ್ಮು ತೆಗೆದುಕೊಳ್ಳಿ. ಮುಕ್ಕುವಾಗ ಮಲ, ಮೂತ್ರ ಹೋಗುವುದು ಸಹಜ, ಅಲ್ಲಿರುವವರಿಗೆ ಅದು ಹೊಸದಲ್ಲ. ಚೊಚ್ಚಲಿಗೆ ಈ ಹಂತ ಮೂರು ಗಂಟೆಯವರೆಗೂ ಹೋಗಬಹುದು. ಯಾರಾದರೂ ಹೊಟ್ಟೆಯ ಮೇಲೆ ಭಾರ ಹಾಕಿ ಒತ್ತಲು ಬಂದರೆ ಬೇಡವೆನ್ನಿ, ಅದು ಅಪಾಯ. ಬೇಕಾದಾಗ ಯೋನಿಯ ಬದಿಯಲ್ಲಿ ಸಣ್ಣ ಕೊಯ್ತ ಹಾಕುತ್ತಾರೆ, ಎಪಿಸಿಯಾಟಮಿ ಎನ್ನುವುದು ಇದನ್ನೇ. ಮರಗಟ್ಟಿಸಿ ಕೊಯ್ದು ಆಮೇಲೆ ಹೊಲಿಗೆ ಹಾಕುತ್ತಾರೆ. ಎಲ್ಲರಿಗೂ ಹಾಕಲೇಬೇಕೆಂಬ ನಿಯಮವಿಲ್ಲ.

ಬೈಗುಳ, ಹೊಡೆತವನ್ನು ಹೆರಿಗೆ ಕೋಣೆಯಲ್ಲಿ ಸಹಿಸಿಕೊಳ್ಳಬೇಕೆಂದು ಎಲ್ಲೂ ಇಲ್ಲ. ಹಾಗಾದರೆ ಹೆಸರು, ಸಮಯ ನೆನಪಿಟ್ಟುಕೊಂಡು ಮನೆಯವರ ಮೂಲಕ ಅಂದೇ ದೂರು ಕೊಡಿ.

ಮಗು ಹುಟ್ಟಿದ ಕೂಡಲೇ ಒರೆಸಿ ನಿಮ್ಮ ಎದೆಯ ಮೇಲೆ ಮಲಗಿಸಬೇಕು. ಮಗು ಅಳುತ್ತ ಚೆನ್ನಾಗಿದ್ದರೆ ಹೊಕ್ಕುಳ ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಕಾದು ಕತ್ತರಿಸುತ್ತಾರೆ, ಅಷ್ಟರಲ್ಲಿ ಮಗುವಿಗೆ ಇನ್ನಷ್ಟು ರಕ್ತ ಹರಿದು ಬರುತ್ತದೆ. ನಿಮ್ಮ ತೊಡೆಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದು ಆಕ್ಸಿಟೋಸಿನ್, ಗರ್ಭಕೋಶ ಕುಗ್ಗಿ ರಕ್ತ ನಿಲ್ಲಲು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮಾಸು ಬೀಳುತ್ತದೆ. ಮುಂದಿನ ಎರಡು ಗಂಟೆ ಹೆರಿಗೆ ಕೋಣೆಯಲ್ಲೇ ಇಟ್ಟುಕೊಂಡು ಆಗಾಗ ಹೊಟ್ಟೆ ಒತ್ತಿ ನೋಡುತ್ತಾರೆ. ನೋವಾದರೂ ತಡೆದುಕೊಳ್ಳಿ. ತಾಯಂದಿರ ಜೀವಕ್ಕೆ ದೊಡ್ಡ ಗಂಡಾಂತರವಾದ ರಕ್ತಸ್ರಾವ ಹೆಚ್ಚಾಗಿ ಆಗುವುದು ಈ ಹೊತ್ತಿನಲ್ಲೇ. ಕೆಳಗೆ ಬೆಚ್ಚಗೆ ಹರಿದಂತೆ ಅನಿಸಿದರೆ, ಕಣ್ಣು ಕತ್ತಲೆ ಬಂದರೆ ಜೋರಾಗಿ ಕೂಗಿ ಹೇಳಿ.

ಮಾಸು ಬಿದ್ದ ಕೂಡಲೇ, ಮತ್ತೆ ಬೇಗ ಬಸಿರಾಗದಂತೆ ಗರ್ಭಕೋಶದೊಳಗೆ ಕಾಪರ್-ಟಿ ಅಳವಡಿಸುವ ಕ್ರಮ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ನಮ್ಮ ಕಡೆ ವಂಕಿ ಎನ್ನುತ್ತಾರೆ. ಒಳ್ಳೆಯ ವಿಧಾನವೇ, ಆದರೆ ನಿಮ್ಮನ್ನು ಕೇಳಿ, ಒಪ್ಪಿಗೆ ಪಡೆದೇ ಹಾಕಬೇಕು. ಬೇಕೋ ಬೇಡವೋ ಎಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿರಿ.

6. ಸಿಜೇರಿಯನ್ ಎಂದರೆ

ಮಗುವಿನ ಎದೆಬಡಿತ ಇಳಿಯುತ್ತಿದ್ದರೆ, ಬಾಯಿ ತೆರೆಯುವುದು ನಿಂತುಹೋದರೆ, ಮಗು ಅಡ್ಡವಾಗಿದ್ದರೆ, ಮಾಸು ಅಡ್ಡವಿದ್ದು ರಕ್ತ ಹೋಗುತ್ತಿದ್ದರೆ ಸಿಜೇರಿಯನ್ ಜೀವ ಉಳಿಸುತ್ತದೆ. "ಏನು ಕಾರಣ? ಎಷ್ಟು ತುರ್ತು? ಕಾದರೆ ಏನಾಗಬಹುದು?" ಎಂಬ ಮೂರು ಪ್ರಶ್ನೆ ಕೇಳಿ, ಉತ್ತರ ಸಿಕ್ಕ ಮೇಲೆ ತಡ ಮಾಡಬೇಡಿ. ಒಪ್ಪಿಗೆ ಪತ್ರಕ್ಕೆ ವಯಸ್ಕ ಹೆಣ್ಣಿನ ಸಹಿಯೇ ಸಾಕು. ಗಂಡನದ್ದೂ ಕೇಳುತ್ತಾರೆ, ಆದರೆ ಅವರು ಊರಿಂದ ಬರಲೆಂದು, ಮಾವನವರನ್ನು ಕೇಳಲೆಂದು ಅರ್ಧ ಗಂಟೆ ಕಳೆದರೆ ಆ ಅರ್ಧ ಗಂಟೆ ಮಗುವಿನದು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಎಚ್ಚರವಾಗಿಯೇ ಇರುತ್ತೀರಿ, ಎಳೆದಂತೆ ಅನಿಸುತ್ತದೆ, ಕೊಯ್ದ ನೋವು ಗೊತ್ತಾಗುವುದಿಲ್ಲ. ಮೂತ್ರಕ್ಕೆ ನಳಿಕೆ ಹಾಕುತ್ತಾರೆ. ಮರುದಿನದ ಹೊತ್ತಿಗೆ ಎಬ್ಬಿಸಿ ನಡೆಸುತ್ತಾರೆ. ಮೊದಲ ಹೆಜ್ಜೆಗೆ ಕಣ್ಣೀರು ಬಂದರೂ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕೇ ಬೇಕು. ಸಿಜೇರಿಯನ್ ಆದವರಿಗೆ ಹಾಲು ಬರುವುದಿಲ್ಲ ಎಂಬುದು ಸುಳ್ಳು. ಮಗುವನ್ನು ಪಕ್ಕಕ್ಕೆ ಹಿಡಿದುಕೊಡುವವರು ಒಬ್ಬರಿದ್ದರೆ ಮೊದಲ ದಿನವೇ ಕುಡಿಸಬಹುದು.

7. ಮೊದಲ ಎರಡು ದಿನ

ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಾಲು. ಹಳದಿಯಾಗಿ, ಅಂಟಾಗಿ ಚೂರೇ ಚೂರು ಬರುತ್ತದೆ, ಆ ಚೂರೇ ಮಗುವಿಗೆ ಸಾಕು. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದಕ್ಕೆ ಬದಲು ಜೇನುತುಪ್ಪ, ಸಕ್ಕರೆ ನೀರು, ಕತ್ತೆ ಹಾಲು ನೆಕ್ಕಿಸುತ್ತಾರೆ. ಯಾವುದೂ ಬೇಡ. ಅಜ್ಜಿಯರ ಜೊತೆ ಜಗಳ ಬೇಡವೆಂದರೆ ಈ ಮಾತನ್ನು ನರ್ಸ್ ಬಾಯಿಂದಲೇ ಹೇಳಿಸಿ. ಮೊದಲ ದಿನ ಸ್ನಾನವೂ ಬೇಡ, ಮಗು ತಣ್ಣಗಾಗುತ್ತದೆ.

ಮಗುವಿಗೆ ವಿಟಮಿನ್ ಕೆ ಇಂಜೆಕ್ಷನ್, ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಆಗಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಕೈಗೆ ಕಟ್ಟಿದ ಪಟ್ಟಿಯಲ್ಲಿ ನಿಮ್ಮ ಹೆಸರು ಸರಿಯಿದೆಯೇ ಓದಿ. ತೂಕ ನೋಡುತ್ತೇವೆಂದು ಯಾರೇ ಕರೆದೊಯ್ದರೂ ಮನೆಯವರೊಬ್ಬರು ಜೊತೆಗೆ ಹೋಗಲಿ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ಬಟ್ಟೆಯಿಲ್ಲದೆ ಎದೆಗೆ ಎದೆ ಅಂಟಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಹೇಳಿಕೊಡಿ ಎಂದು ಕೇಳಿ. ಅಪ್ಪಂದಿರೂ ಅದನ್ನು ಮಾಡಬಹುದು.

ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿರಿ. ಹಾಸಿಗೆ ಸರಿಯಿಲ್ಲ, ನೋಡಲು ಬರುವವರಿಗೆ ಅನುಕೂಲವಿಲ್ಲ ಎಂದು ಮರುದಿನವೇ ಬರೆದುಕೊಟ್ಟು ಹೊರಡಬೇಡಿ.

8. ಡಿಸ್ಚಾರ್ಜ್ ಮತ್ತು ಜನನ ನೋಂದಣಿ

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ನೋಂದಣಿ ಮಾಡಿಸುವುದು ಆಸ್ಪತ್ರೆಯ ಹೊಣೆ, 21 ದಿನದೊಳಗೆ ಆಗಬೇಕು. ಆದರೆ ತಂದೆ ತಾಯಿ ಹೆಸರಿನ ಅಕ್ಷರ ತಪ್ಪಾದರೆ ಅಲೆಯಬೇಕಾದವರು ನೀವು. ಅವಸರದಲ್ಲಿ ಯಾರೋ ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡಾಗ ಲಕ್ಷ್ಮಮ್ಮ ಲಕ್ಷ್ಮಿಯಾಗುತ್ತಾಳೆ, ಇನಿಷಿಯಲ್ ಬಿಟ್ಟುಹೋಗುತ್ತದೆ. ಇಬ್ಬರ ಆಧಾರ್ ಪಕ್ಕದಲ್ಲಿಟ್ಟುಕೊಂಡು ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದಿ ನೋಡಿದ ಮೇಲೆಯೇ ಸಹಿ ಮಾಡಿ. ಮಗುವಿನ ಹೆಸರು ಆಗಲೇ ಬೇಕಿಲ್ಲ. ನಾಮಕರಣವಾದ ಮೇಲೆ, ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಕ್ಕೆ ಈ ಪ್ರಮಾಣಪತ್ರವೇ ದಾಖಲೆ, ಉದಾಸೀನ ಬೇಡ.

ಡಿಸ್ಚಾರ್ಜ್ ಚೀಟಿ, ಔಷಧಿಗಳು, ಮುಂದೆ ಬರಬೇಕಾದ ದಿನಾಂಕ ಕೇಳಿ ಪಡೆಯಿರಿ. ಮನೆಗೆ ಬಿಡುವ ನಗು-ಮಗು ವಾಹನವನ್ನು ಹಿಂದಿನ ದಿನವೇ ವಿಚಾರಿಸಿ.

9. ಮನೆಗೆ ಬಂದ ಮೇಲೆ

ಒಂದು ಗಂಟೆಯೊಳಗೆ ಒಂದು ಪ್ಯಾಡ್ ನೆನೆಯುವಷ್ಟು ರಕ್ತ, ಚಳಿಜ್ವರ, ಕೆಟ್ಟ ವಾಸನೆಯ ಸ್ರಾವ, ಒಂದೇ ಕಾಲಿನ ಊತ, ಬಿಡದ ತಲೆನೋವು, ಫಿಟ್ಸ್, ಹೊಲಿಗೆಯಲ್ಲಿ ಕೀವು ಕಂಡರೆ ಬಾಣಂತಿಯನ್ನು ವಾಪಸ್ ಕರೆದೊಯ್ಯಿರಿ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಎದೆಗೂಡು ಒಳಸೇದುವಂತೆ ಉಸಿರಾಡಿದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲೆಂದು ಕಾಯಬೇಡಿ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಡಿ.

ಬಾಣಂತನದ ಎಣ್ಣೆಸ್ನಾನ, ಬೆಚ್ಚಗಿನ ಕೋಣೆ, ವಿಶ್ರಾಂತಿ ಒಳ್ಳೆಯವೇ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಯಾರಿದವಳಿಗೆ ನೀರು ಕೊಡದಿರುವುದು ಮಾತ್ರ ತಪ್ಪು. ಹಾಲು ಕುಡಿಸುವವಳಿಗೆ ನೀರೂ ಬೇಕು, ಸೊಪ್ಪು, ಬೇಳೆ, ಹಣ್ಣು, ತಿನ್ನುವವರಿಗೆ ಮೊಟ್ಟೆ ಎಲ್ಲವೂ ಬೇಕು. ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡ ಇಡಬೇಡಿ, ಆ ಹೊಗೆ ಇಬ್ಬರಿಗೂ ವಿಷ. ಬಾಣಂತಿ ಎರಡು ವಾರ ಕಳೆದರೂ ಕಾರಣವಿಲ್ಲದೆ ಅಳುತ್ತಿದ್ದರೆ, ಮಗುವಿನ ಮುಖ ನೋಡಲೂ ಮನಸ್ಸಿಲ್ಲ ಎಂದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಇದು ಗುಣವಾಗುವ ಕಾಯಿಲೆ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವನ್ನು ನೋಡಬೇಕು. ಬಾರದಿದ್ದರೆ ನೀವೇ ಫೋನ್ ಮಾಡಿ. ಆರನೇ ವಾರಕ್ಕೆ ಮಗುವಿಗೆ ಪೆಂಟಾವಲೆಂಟ್, ಪೋಲಿಯೊ ಮುಂತಾದ ಲಸಿಕೆಗಳಿರುತ್ತವೆ. ಅದೇ ದಿನ ತಾಯಿಯೂ ಬಿಪಿ, ರಕ್ತದ ಪ್ರಮಾಣ, ಹೊಲಿಗೆ ತೋರಿಸಿಕೊಂಡು, ಮುಂದಿನ ಮಗುವಿಗೆ ಅಂತರ ಇಡುವ ವಿಧಾನವನ್ನೂ ಕೇಳಿಕೊಂಡು ಬರಲಿ. ತಾಯಿ ಕಾರ್ಡ್ ಮರೆಯದೆ ತೆಗೆದುಕೊಂಡು ಹೋಗಿ.